ಬ್ರಶ್ ಬದಲಾಯಿಸಿದ್ರೆ ಕೈ ಯಾಕೆ ತಪ್ಪಬೇಕು?

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡು ಮುಂದಕ್ಕೆ ಹಾಕ್ತಾ ಬಂದಿದ್ದ ವಿಷಯ ಇದು. ಶೀರ್ಷಿಕೆ ನೋಡಿ "ನಾನು ಕಂಪ್ಯೂಟರಿನಲ್ಲಿ ಚಿತ್ರ ಬರೆಯೋನಲ್ಲ, ಇದು ನನಗಲ್ಲ" ಅಂತ ಎದ್ದು ಹೋಗಬೇಡಿ. ಸ್ವಲ್ಪ ತಾಳಿ. ಕನ್ನಡದಲ್ಲಿ ಕೀಲಿಮಣೆ ಕುಟ್ಟೋ ಎಲ್ಲರಿಗೂ ಈ ಕಷ್ಟ ಇನ್ನೊಂದು ವೇಷದಲ್ಲಿ ಚೆನ್ನಾಗಿ ಪರಿಚಯ ಇದೆ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ನಮ್ಮ ಸೋದರಮಾವನ ಕತೆ. ಮಾವ ಬೋರ್ಡ್ ಬರೆಯೋರು. ಅಂದ್ರೆ ಬರೆಯೋರಾಗಿದ್ರು. ಅಂಗಡಿ ಬೋರ್ಡು, ಬಸ್ಸಿನ ಮೇಲಿನ ಹೆಸರು, ಶಾಲೆ ಗೋಡೆ, ಲಾರಿ ಹಿಂದಿನ ನುಡಿಮುತ್ತು, ಎಲ್ಲಾ ಎನಾಮಲ್ ಪೇಂಟಿನಲ್ಲಿ. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ ಎರಡೂ ತುದಿ ಹಿಡಿದು ಟಪ್ ಅಂತ ಬಿಟ್ರೆ ಬೋರ್ಡಿನ ಮೇಲೆ ನೇರ ಗೆರೆ ಬೀಳ್ತಿತ್ತು. ಆಮೇಲೆ ಅಳತೆ ಇಲ್ಲ, ಗಿಳತೆ ಇಲ್ಲ, ಒಂದೇ ಉಸಿರಿಗೆ ಅಕ್ಷರ. 2000ದ ದಶಕದಲ್ಲಿ ಊರೂರಿಗೆ ಫ್ಲೆಕ್ಸ್ ಬಂತು. ವರ್ಷದಿಂದ ವರ್ಷಕ್ಕೆ ಕೆಲಸ ಕಮ್ಮಿ ಆಯ್ತು, ಕೊನೆಗೆ ನಿಂತೇ ಹೋಯ್ತು. ಇದು ನಮ್ಮ ಮಾವನೊಬ್ಬರ ಕತೆ ಅಲ್ಲ ಅಂತ ನಿಮಗೂ ಗೊತ್ತು.

ಹೋದ ದಸರಾ ರಜೆಯಲ್ಲಿ ಮಾವ ನಮ್ಮನೆಗೆ ಬಂದಿದ್ರು. ನನ್ನ ಹತ್ರ ಒಂದು ಸಾಧಾರಣ ಡ್ರಾಯಿಂಗ್ ಟ್ಯಾಬ್ಲೆಟ್ ಇದೆ. "ಮಾವ, ಒಂದ್ಸಲ ಇದರ ಮೇಲೆ ಬರೀರಿ" ಅಂತ ಕೈಗೆ ಪೆನ್ನು ಕೊಟ್ಟೆ. ಮೊದಲು ನಕ್ರು. ಆಮೇಲೆ ದಪ್ಪ ಬ್ರಶ್ ಆರಿಸಿಕೊಟ್ಟಾಗ ಕೆಂಪು ಬಣ್ಣದಲ್ಲಿ ಒಂದು 'ಅ' ಬರೆದ್ರು ನೋಡಿ... ನಾನು ಹತ್ತು ವರ್ಷದಿಂದ ಟ್ಯಾಬ್ಲೆಟ್ ಇಟ್ಕೊಂಡಿದ್ದೀನಿ, ನನ್ನ ಕೈಯಲ್ಲಿ ಅಂಥ ತಿರುವು ಒಂದು ದಿನವೂ ಬಂದಿಲ್ಲ.

ತಿರುವಿನ ಅಂಚು ಒಂಚೂರು ಹೊರಗೆ ಹೋಗಿತ್ತು. "ಇದನ್ನ ಒರೆಸೋದು ಹೆಂಗೆ?" ಅಂದ್ರು. ರಬ್ಬರಿನ ಗುಂಡಿ ತೋರಿಸಿದೆ. ಒರೆಸಿದ್ರು, ಸರಿ ಹೋಯ್ತು. ಅಷ್ಟರಲ್ಲಿ ಕಾಫಿ ಬಂತು. ಕಾಫಿ ಕುಡಿದು, ಪೆನ್ನು ತಗೊಂಡು, ಅಕ್ಷರದ ಒಳಗೇ ಇನ್ನೊಂದು ಸಲ ತುಂಬೋಣ ಅಂತ ಉದ್ದಕ್ಕೆ ಎಳೆದ್ರು. ಅರ್ಧ 'ಅ' ಮಾಯ! ರಬ್ಬರ್ ಇನ್ನೂ ಕೈಯಲ್ಲೇ ಇತ್ತು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಸ್ವಲ್ಪ ಬೇರೆ ಬಣ್ಣಕ್ಕೆ ತಿರುಗಿತ್ತು, ಅದು ಬಿಟ್ರೆ ಯಾವ ಸುಳಿವೂ ಇರಲಿಲ್ಲ.

ಅನ್ಡೂ ಮಾಡಿಕೊಟ್ಟೆ. "ಈಗ ಸಣ್ಣ ಬ್ರಶ್ ಕೊಡು, ಔಟ್‌ಲೈನ್ ಹಾಕ್ತೀನಿ" ಅಂದ್ರು. ಸಣ್ಣ ಬ್ರಶ್ಶಿನ ಚಿತ್ರ ಇದ್ದ ಚೌಕ ಒತ್ತಿದೆ. ಮಾವ ಪೆನ್ನು ಇಟ್ರು. ಅಕ್ಷರದ ಪಕ್ಕದಲ್ಲಿ ಪೊರಕೆ ಗುಡಿಸಿದ ಹಾಗೆ ದೊಡ್ಡ ಕಪ್ಪು ಪಟ್ಟೆ. ಹಿಂದಿನ ದಪ್ಪ ಬ್ರಶ್ಶಿನ ಸೈಜನ್ನೇ ಈ ಸಣ್ಣ ಬ್ರಶ್ಶಿಗೂ ಉಳಿಸಿಬಿಟ್ಟಿತ್ತು ಆ ತಂತ್ರಾಂಶ.

ಮಾವ ಪೆನ್ನು ಮೇಜಿನ ಮೇಲೆ ಇಟ್ಟು, "ನನ್ನ ಕೈಗೆ ಇದು ಒಗ್ಗಲ್ಲ ಬಿಡಪ್ಪ, ವಯಸ್ಸಾಯ್ತು" ಅಂದ್ರು.

ನನ್ನನ್ನ ಕೊರೆದದ್ದು ಈ ಮಾತು. ಅಲ್ಲಿ ತಪ್ಪಿದ್ದು ಕೈ ಅಲ್ಲ, ವಯಸ್ಸೂ ಅಲ್ಲ. ನಲವತ್ತು ವರ್ಷ ಬ್ರಶ್ ಹಿಡಿದ ಕೈ ಅದು. ತಪ್ಪಿದ್ದು ಬ್ರಶ್ ಬದಲಾಯಿಸೋ ವ್ಯವಸ್ಥೆ. ಆದರೆ ದೂರು ಹೊತ್ಕೊಂಡಿದ್ದು ಮಾವ. ಯಾವ ತಂತ್ರಾಂಶ ಅಂತ ಹೆಸರು ಹೇಳಲ್ಲ, ಯಾಕಂದ್ರೆ ಇದು ಯಾವುದೋ ಒಂದರ ರೋಗ ಅಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. 'ಬರಹ' ಹಾಕ್ಕೊಂಡು ಬ್ಲಾಗ್ ಬರೆಯೋಕೆ ಶುರು ಮಾಡಿದೋರಿಗೆ ಎಫ್11 ಕೀಲಿ ನೆನಪಿರಲೇಬೇಕು. ಒಮ್ಮೆ ಒತ್ತಿದ್ರೆ ಕನ್ನಡ, ಇನ್ನೊಮ್ಮೆ ಒತ್ತಿದ್ರೆ ಇಂಗ್ಲಿಷ್. ಎಷ್ಟು ಸಲ ಒಂದು ಇಡೀ ಸಾಲು ಕುಟ್ಟಿ, ತಲೆಯೆತ್ತಿ ನೋಡಿದ್ರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡಿಲ್ಲ ಹೇಳಿ? ಪಾಸ್‌ವರ್ಡ್ ಹಾಕೋ ಜಾಗದಲ್ಲಂತೂ ಬರೀ ಚುಕ್ಕೆಗಳೇ ಕಾಣೋದು. ಮೂರು ಸಲ ತಪ್ಪು ಅಂತ ಬಂದ ಮೇಲೆ "ಅಯ್ಯೋ, ಕನ್ನಡ ಆನ್ ಇತ್ತು!" ಅಂತ ಹಣೆ ಚಚ್ಚಿಕೊಳ್ಳೋದು. ಮಾವನ ರಬ್ಬರೂ ನಮ್ಮ ಎಫ್11 ಕೂಡ ಒಂದೇ ಜಾತಿಯ ತೊಂದರೆ. ಕೈ ಮಾಡೋ ಕೆಲಸ ಅದೇ, ಆದ್ರೆ ಯಂತ್ರ ಒಳಗೊಳಗೇ ಬೇರೆ ಸ್ಥಿತಿಯಲ್ಲಿ ಕೂತಿದೆ. ಇದಕ್ಕೆ ಗಣಕದ ಮಂದಿ ಇಟ್ಟಿರೋ ಹೆಸರು 'ಮೋಡ್'.

ಈ ಮೋಡ್ ಕಾಟದ ವಿರುದ್ಧ ಜೀವಮಾನವಿಡೀ ಹೋರಾಡಿದ ಒಬ್ಬ ಪುಣ್ಯಾತ್ಮ ಇದ್ದ. ಲ್ಯಾರಿ ಟೆಸ್ಲರ್ ಅಂತ. ನಾವು ದಿನಾ ಮಾಡೋ ಕಟ್, ಕಾಪಿ, ಪೇಸ್ಟ್ ಇದೆಯಲ್ಲ, ಅದು ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ರೂಪ ಪಡೆದಾಗ ಅದರ ಹಿಂದೆ ಇದ್ದ ಮುಖ್ಯ ತಲೆ ಇವನದು. ಅವನ ಕಾರಿನ ನಂಬರ್ ಪ್ಲೇಟಿನ ಮೇಲೆ 'ನೋ ಮೋಡ್ಸ್' ಅಂತಲೇ ಇತ್ತು! 2020ರಲ್ಲಿ ತೀರಿಕೊಂಡ. ಇನ್ನೊಬ್ಬ ಜೆಫ್ ರಾಸ್ಕಿನ್, ಮೆಕಿಂಟಾಷ್ ಯೋಜನೆ ಶುರು ಮಾಡಿದವನು. 2000ದಲ್ಲಿ ಬಂದ ಅವನ 'ದಿ ಹ್ಯೂಮೇನ್ ಇಂಟರ್ಫೇಸ್' ಪುಸ್ತಕದಲ್ಲಿ ಎರಡು ಮಾತು ನಮಗೆ ಬೇಕಾದ್ದಿದೆ.

ಒಂದು: ಮೋಡ್ ಯಾವುದು ಅಂತ ಮೂಲೆಯಲ್ಲಿ ಗುರುತು ತೋರಿಸಿದ್ರೆ ಸಾಲದು. ಯಾಕಂದ್ರೆ ಕೆಲಸ ಮಾಡೋನ ಗಮನ ಕೆಲಸದ ಮೇಲೆ ಇರುತ್ತೆ, ಮೂಲೆಯ ಮೇಲಲ್ಲ. ಮಾವನ ಕಣ್ಣು 'ಅ'ದ ತಿರುವಿನ ಮೇಲಿತ್ತು, ಅಲ್ಲೇ ಇರಬೇಕಿತ್ತು ಕೂಡ.

ಎರಡು: ಒಂದು ಕೀಲಿಯನ್ನ ಒತ್ತಿ ಹಿಡಿದಿರೋವಷ್ಟು ಹೊತ್ತು ಮಾತ್ರ ಸ್ಥಿತಿ ಬದಲಾಗೋದಾದ್ರೆ ಆ ತಪ್ಪು ಹೆಚ್ಚು ಕಮ್ಮಿ ಆಗೋದೇ ಇಲ್ಲ. ಶಿಫ್ಟ್ ಕೀಲಿ ನೋಡಿ. ಅದನ್ನ ಒತ್ತಿ ಹಿಡಿದಿದ್ದೀವಿ ಅಂತ ಬೆರಳಿಗೇ ಗೊತ್ತಿರುತ್ತೆ, ನೆನಪಿಟ್ಕೊಳ್ಳಬೇಕಾಗಿಲ್ಲ. ಕ್ಯಾಪ್ಸ್ ಲಾಕ್ ನೋಡಿ. ಒತ್ತಿ ಬಿಟ್ಟ ಮೇಲೆ ಬೆರಳಿಗೆ ಗೊತ್ತಿಲ್ಲ, ನೆನಪಿಗೆ ಬಿಟ್ಟಿದ್ದು. ಹೀಗೆ ಹಿಡಿದಾಗ ಮಾತ್ರ ಇರೋ ಸ್ಥಿತಿಗೆ ಅವನು 'ಕ್ವಾಸಿಮೋಡ್' ಅಂದ. ನಾವು ಬೇಕಾದ್ರೆ 'ಹಿಡಿ-ಬಿಡಿ' ಅನ್ನೋಣ :)

ಈಗ ಚಿತ್ರದ ತಂತ್ರಾಂಶಗಳಿಗೆ ಬರೋಣ. ಇವುಗಳಲ್ಲಿ ಬ್ರಶ್ ಅಂದ್ರೆ ಒಂದು ವಸ್ತು ಅಲ್ಲ, ಹತ್ತಾರು ಸೆಟ್ಟಿಂಗುಗಳ ಗಂಟು. ಸೈಜು, ಒಪಾಸಿಟಿ (ಅಂದ್ರೆ ಹಿಂದಿನದು ಎಷ್ಟು ಕಾಣಬೇಕು ಅನ್ನೋದು), ಅಂಚು ಮೆತ್ತಗೋ ಗಟ್ಟಿಯೋ, ಪೆನ್ನು ಒತ್ತಿದಾಗ ದಪ್ಪ ಆಗಬೇಕೋ ಬೇಡವೋ, ಒರಟು ಎಷ್ಟು. ಈ ಗಂಟಿಗೆ ಒಂದು ಹೆಸರು, ಒಂದು ಪುಟ್ಟ ಚಿತ್ರ ಕೊಟ್ಟು ಪ್ರೀಸೆಟ್ ಅಂತಾರೆ. ಬ್ರಶ್ ಬದಲಾಯಿಸಿದಾಗ ಈ ಗಂಟಿನಲ್ಲಿ ಯಾವುದು ಹಿಂದಿನ ಬ್ರಶ್ಶಿನ ಜೊತೆ ಉಳೀಬೇಕು, ಯಾವುದು ನಮ್ಮ ಕೈ ಜೊತೆ ಮುಂದಿನ ಬ್ರಶ್ಶಿಗೆ ಬರಬೇಕು? ಇಡೀ ಜಗಳ ಇರೋದು ಇಷ್ಟೇ. ಇದಕ್ಕೆ ಒಂದೊಂದು ತಂತ್ರಾಂಶ ಒಂದೊಂದು ಉತ್ತರ ಕೊಟ್ಟಿದೆ.

ಫೋಟೋಶಾಪ್‌ನಲ್ಲಿ ಬ್ರಶ್ ಬೇರೆ ಉಪಕರಣ, ರಬ್ಬರ್ ಬೇರೆ ಉಪಕರಣ. 'ಬಿ' ಒತ್ತಿದ್ರೆ ಬ್ರಶ್, 'ಇ' ಒತ್ತಿದ್ರೆ ರಬ್ಬರ್, ಎರಡಕ್ಕೂ ಅದರದರ ಸೈಜು. 2008ರ ಸಿಎಸ್4 ಆವೃತ್ತಿಯಿಂದ ಒಂದು ಒಳ್ಳೇ ಕೆಲಸ ಮಾಡಿದ್ರು. 'ಇ' ಕೀಲಿಯನ್ನ ಒತ್ತಿ ಹಿಡಿದು ಒರೆಸಿ, ಕೈ ಬಿಟ್ರೆ ತಾನಾಗೇ ಬ್ರಶ್ಶಿಗೆ ವಾಪಸ್. ರಾಸ್ಕಿನ್ ಹೇಳಿದ ಹಿಡಿ-ಬಿಡಿ ಇದೇ. ಬೇಜಾರು ಅಂದ್ರೆ, ವರ್ಷಗಟ್ಟಲೆ ಫೋಟೋಶಾಪ್ ಬಳಸಿದವರಿಗೂ ಇದು ಗೊತ್ತಿರೋದಿಲ್ಲ, ನನಗೂ ಎಷ್ಟೋ ಕಾಲ ಗೊತ್ತಿರಲಿಲ್ಲ.

ಕೃತ ಅಂತ ಒಂದು ಮುಕ್ತ ತಂತ್ರಾಂಶ ಇದೆ (ಕ್ರಿಟಾ ಅಂತಲೂ ಅಂತಾರೆ). 1999ರಲ್ಲಿ ಕೆಡಿಇ ಬಳಗದಲ್ಲಿ ಶುರುವಾಗಿದ್ದು, ಪೈಸೆ ಖರ್ಚಿಲ್ಲದೆ ಇಳಿಸಿಕೊಳ್ಳಬಹುದು. ಇಲ್ಲಿ 'ಇ' ಒತ್ತಿದ್ರೆ ಬೇರೆ ಉಪಕರಣ ಬರಲ್ಲ, ಕೈಯಲ್ಲಿರೋ ಬ್ರಶ್ಶೇ ರಬ್ಬರ್ ಆಗುತ್ತೆ. ಇದ್ದಿಲಿನ ಬ್ರಶ್ಶಿನಲ್ಲಿ ಬರೀತಿದ್ರೆ ಇದ್ದಿಲಿನ ಒರಟಿನಲ್ಲೇ ಒರೆಸಬಹುದು, ಇದು ನಿಜಕ್ಕೂ ಚಂದ. ಆದ್ರೆ ಇನ್ನೊಂದು ಸಲ 'ಇ' ಒತ್ತೋತನಕ ರಬ್ಬರಾಗೇ ಇರುತ್ತೆ. ರಬ್ಬರಿಗೆ ಬೇರೆ ಸೈಜು, ಬೇರೆ ಒಪಾಸಿಟಿ ನೆನಪಿಟ್ಕೋ ಅಂತ ಹೇಳೋಕೂ ಜಾಗ ಇದೆ, ಬ್ರಶ್ ಎಡಿಟರ್ ತೆಗೆದು ಗುರುತು ಹಾಕಬೇಕು. ಹಿಂದಿನ ಬ್ರಶ್ಶಿಗೆ ಹೋಗೋಕೆ ಓರೆಗೆರೆಯ ಕೀಲಿ ಒಂದನ್ನ ಒತ್ತಿದ್ರೆ ಸಾಕು. ಪೆನ್ನಿನ ಬಲಗ್ಲಿಕ್ ಮಾಡಿದ್ರೆ ಮೆಚ್ಚಿನ ಬ್ರಶ್ಶುಗಳು ಕೈ ಇರೋ ಕಡೆಯೇ ತಟ್ಟೆ ಥರ ಸುತ್ತಲೂ ಬಂದು ನಿಲ್ಲುತ್ವೆ.

ಐಪ್ಯಾಡಿನ ಪ್ರೊಕ್ರಿಯೇಟ್‌ನಲ್ಲಿ ಬರೆಯೋದು, ತೀಡೋದು, ಒರೆಸೋದು ಅಂತ ಮೂರು ಗುಂಡಿ. ಮೂರಕ್ಕೂ ಒಂದೇ ಬ್ರಶ್ ಭಂಡಾರ, ಆದರೆ ಮೂರೂ ತಮ್ಮ ತಮ್ಮ ಬ್ರಶ್ಶನ್ನ ಬೇರೆ ಬೇರೆ ನೆನಪಿಟ್ಟಿರುತ್ವೆ. ಬರೆಯೋ ಬ್ರಶ್ಶಿನಲ್ಲೇ ಒರೆಸಬೇಕು ಅಂದ್ರೆ ರಬ್ಬರಿನ ಗುರುತನ್ನ ಸ್ವಲ್ಪ ಹೊತ್ತು ಒತ್ತಿ ಹಿಡೀಬೇಕು.

ಜಪಾನಿನ ಕ್ಲಿಪ್ ಸ್ಟುಡಿಯೋ ಪೇಂಟ್‌ನಲ್ಲಿ ಇನ್ನೊಂದು ದಾರಿ. ಅಲ್ಲಿ ಕೆಂಪು, ನೀಲಿ ಥರ 'ಪಾರದರ್ಶಕ' ಅನ್ನೋದೂ ಒಂದು ಬಣ್ಣ. ಅದನ್ನ ಆರಿಸಿಕೊಂಡು ಯಾವ ಬ್ರಶ್ಶಿನಲ್ಲಿ ಬಳಿದ್ರೂ ಅಲ್ಲಿದ್ದದ್ದು ಅಳಿಸಿ ಹೋಗುತ್ತೆ. ಕೀಲಿಯನ್ನ ಒತ್ತಿ ಹಿಡಿದಾಗ ಮಾತ್ರ ಉಪಕರಣ ಬದಲಾಗೋ ಸೌಕರ್ಯವೂ ಇದೆ.

ಗಿಂಪ್‌ನಲ್ಲಿ ಈ ಜಗಳವನ್ನ ನಮ್ಮ ಕೈಗೇ ಕೊಟ್ಟುಬಿಟ್ಟಿದ್ದಾರೆ. ಬ್ರಶ್ಶಿನ ತುದಿಯನ್ನ ಎಲ್ಲಾ ಉಪಕರಣಗಳೂ ಹಂಚ್ಕೋಬೇಕಾ ಬೇಡವಾ ಅಂತ ಸೆಟ್ಟಿಂಗಿನಲ್ಲಿ ಕೇಳುತ್ತೆ. ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ಕೆಲವು ವೇಕಮ್ ಪೆನ್ನುಗಳಲ್ಲಿ ಹಿಂಬದಿಗೆ ರಬ್ಬರ್ ಇರುತ್ತಲ್ಲ, ಪೆನ್ಸಿಲ್ಲಿಗೆ ಇರೋ ಹಾಗೆ, ಗಿಂಪ್ ಆ ಎರಡು ತುದಿಗಳನ್ನ ಎರಡು ಬೇರೆ ಬೇರೆ ಸಾಧನ ಅಂತ ತಿಳಿದು ಎರಡಕ್ಕೂ ಬೇರೆ ಉಪಕರಣ ನೆನಪಿಟ್ಟಿರುತ್ತೆ. ಪೆನ್ನು ತಿರುಗಿಸಿದ್ರೆ ರಬ್ಬರ್, ಮತ್ತೆ ತಿರುಗಿಸಿದ್ರೆ ಬ್ರಶ್. ಯಾವುದು ಕೈಯಲ್ಲಿದೆ ಅಂತ ಪರದೆ ನೋಡಬೇಕಾಗಿಲ್ಲ, ಕೈಯೇ ಹೇಳುತ್ತೆ. ಇದಕ್ಕಿಂತ ಒಳ್ಳೇ ಪರಿಹಾರ ನಾನು ನೋಡಿಲ್ಲ. ಆದ್ರೆ ಅಗ್ಗದ ಟ್ಯಾಬ್ಲೆಟ್‌ಗಳ ಪೆನ್ನಿನಲ್ಲಿ ಹಿಂದಿನ ರಬ್ಬರ್ ಸಾಮಾನ್ಯವಾಗಿ ಇರಲ್ಲ. 2018ರಲ್ಲಿ ಬಂದ ಎರಡನೇ ಪೀಳಿಗೆಯ ಆಪಲ್ ಪೆನ್ಸಿಲ್ಲಿನಲ್ಲೂ ಬೆರಳಿನಿಂದ ಎರಡು ಸಲ ತಟ್ಟಿದ್ರೆ ರಬ್ಬರ್, ಇನ್ನೆರಡು ಸಲ ತಟ್ಟಿದ್ರೆ ಬ್ರಶ್. ನೋಡೋಕೆ ಚಂದ, ಆದ್ರೆ ಸೂಕ್ಷ್ಮವಾಗಿ ಯೋಚಿಸಿದ್ರೆ ಇದು ಮತ್ತೆ ನಮ್ಮ ಎಫ್11ರ ಕತೆಯೇ!

ಇಷ್ಟೆಲ್ಲ ನೋಡಿದ ಮೇಲೆ ನನ್ನ ವಾದ ಏನು ಅಂತ ಹೇಳಿಬಿಡ್ತೀನಿ. ಇಲ್ಲಿ ನಾನು ಗುರು ಅಂತ ಒಪ್ಕೊಂಡಿರೋದು ಮಾವನ ಬ್ರಶ್ ಡಬ್ಬವನ್ನ. ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಸೀಮೆಎಣ್ಣೆ, ಪಕ್ಕದ ತಗಡಿನ ಡಬ್ಬದಲ್ಲಿ ಹತ್ತು ಹನ್ನೆರಡು ಬ್ರಶ್ಶು. ಅಗಲದ ಫ್ಲ್ಯಾಟ್ ಬ್ರಶ್ ಅಗಲವಾಗೇ ಇರುತ್ತೆ. ಸಣ್ಣ ರೌಂಡ್ ಬ್ರಶ್ ತಗೊಂಡು, ಇಟ್ಟು, ಮತ್ತೆ ತಗೊಂಡ್ರೆ ಅದು ಸಣ್ಣದಾಗೇ ಇರುತ್ತೆ. ಪಕ್ಕದ ಬ್ರಶ್ ದಪ್ಪ ಇತ್ತು ಅಂತ ಇದು ದಪ್ಪ ಆಗಲ್ಲ. ಇದರಿಂದ ನಾಲ್ಕು ಮಾತು ಹೊರಡುತ್ತೆ.

ಮೊದಲನೇದು, ಇಟ್ಟ ಬ್ರಶ್ ಇಟ್ಟ ಹಾಗೇ ಸಿಗಬೇಕು. ಪ್ರತಿ ಬ್ರಶ್ಶೂ ತನ್ನ ಸೈಜು, ಒಪಾಸಿಟಿಯನ್ನ ತಾನೇ ನೆನಪಿಟ್ಕೋಬೇಕು, ರಬ್ಬರೂ ಸೇರಿ. ತಂತ್ರಾಂಶ ಮುಚ್ಚಿ ನಾಳೆ ತೆಗೆದ್ರೂ ಹಾಗೇ ಇರಬೇಕು.

ಎರಡನೇದು, ಬಣ್ಣ ಕೈಯದ್ದು. ಬ್ರಶ್ ಬದಲಾಯಿಸಿದ ಮಾತ್ರಕ್ಕೆ ಬಣ್ಣ ಬದಲಾಗಬಾರದು. ಇಲ್ಲಿ ಡಬ್ಬದ ಪಾಠ ನನಗೇ ಉಲ್ಟಾ ಹೊಡೆಯುತ್ತೆ, ಯಾಕಂದ್ರೆ ಮಾವನ ಕೆಂಪು ಬ್ರಶ್ ಕೆಂಪೇ. ಆದರೆ ಅದು ಪ್ರತಿ ಸಲ ಸೀಮೆಎಣ್ಣೆಯಲ್ಲಿ ತೊಳೆಯೋ ಕಷ್ಟಕ್ಕೆ ಮಾಡಿಕೊಂಡ ಏರ್ಪಾಡು. ಪರದೆಯ ಬ್ರಶ್ಶಿಗೆ ತೊಳೆಯೋ ಕಷ್ಟ ಇಲ್ಲ. ಹೆಚ್ಚಿನ ತಂತ್ರಾಂಶಗಳು ಬಣ್ಣವನ್ನ ಎಲ್ಲ ಬ್ರಶ್ಶಿಗೂ ಒಂದೇ ಇಟ್ಟಿವೆ, ಅದು ಸರಿಯಾಗೇ ಇದೆ. ಡಬ್ಬವನ್ನ ಕುರುಡಾಗಿ ನಕಲು ಮಾಡಬೇಕಾಗಿಲ್ಲ, ಅದರಲ್ಲಿ ಕೈಗೆ ಅನುಕೂಲ ಆಗಿದ್ದು ಯಾವುದೋ ಅದನ್ನ ಮಾತ್ರ ತಗೋಬೇಕು.

ಮೂರನೇದು, ಚಿಕ್ಕ ಕೆಲಸಕ್ಕೆ ಹಿಡಿ-ಬಿಡಿ. ಅಂಚು ಒರೆಸೋದು, ಬಣ್ಣ ಹೆಕ್ಕೋದು, ಒಂಚೂರು ತೀಡೋದು, ಇವೆಲ್ಲ ಎರಡು ಸೆಕೆಂಡಿನ ಕೆಲಸ. ಎರಡು ಸೆಕೆಂಡಿನ ಕೆಲಸಕ್ಕೆ ಹೋದವನು ವಾಪಸ್ ಬರೋದನ್ನ ನೆನಪಿಟ್ಕೋಬೇಕು ಅನ್ನೋದು ಅನ್ಯಾಯ. ಒಂದೇ ಕೀಲಿ ಎರಡೂ ಮಾಡಲಿ: ಟಕ್ ಅಂತ ಒತ್ತಿ ಬಿಟ್ರೆ ಪೂರ್ತಿ ಬದಲಾವಣೆ, ಒತ್ತಿ ಹಿಡಿದ್ರೆ ತಾತ್ಕಾಲಿಕ. ಪೆನ್ನಿನ ಪಕ್ಕದ ಗುಂಡಿಗೂ ಇದೇ ನಿಯಮ. ಮತ್ತು ಇದು ಎಲ್ಲೋ ಸೆಟ್ಟಿಂಗಿನ ಐದನೇ ಪುಟದಲ್ಲಿ ಅಡಗಿರಬಾರದು, ಮೊದಲ ದಿನವೇ ಹೀಗಿರಬೇಕು.

ನಾಲ್ಕನೇದು, ಸುದ್ದಿ ಪೆನ್ನಿನ ತುದಿಯಲ್ಲಿ ಇರಲಿ. ಕೈಯಲ್ಲಿರೋದು ರಬ್ಬರ್ ಅಂದ್ರೆ ಕರ್ಸರ್ ರಬ್ಬರಿನ ಹಾಗೆ ಕಾಣಲಿ, ಅಥವಾ ವೃತ್ತದ ಗೆರೆ ತುಂಡು ತುಂಡಾಗಲಿ. ಕಣ್ಣು ಇರೋ ಕಡೆ ಹೇಳದೆ ಮೂಲೆಯಲ್ಲಿ ಹೇಳಿದ್ರೆ ಅದು ಹೇಳಿದ ಹಾಗಲ್ಲ.

ಇದಕ್ಕೆ ಎದುರು ವಾದಗಳು ಇವೆ, ಗೆಳೆಯರ ಜೊತೆ ಜಗಳ ಆಡಿಯೂ ಆಗಿದೆ. ಗಟ್ಟಿ ಇರೋ ಮೂರನ್ನ ಹೇಳ್ತೀನಿ.

"ಬ್ರಶ್ ನಾನು ಬಿಟ್ಟ ಹಾಗೆ ಉಳಿದ್ರೆ ಮೂಲ ಬ್ರಶ್ ಹಾಳಾಗುತ್ತೆ. ಒಂದು ದಿನ ಸುಮ್ನೆ ಏನೋ ಎಳೆದಾಡಿದೆ, ಮಾರನೇ ದಿನ ಆ ಬ್ರಶ್ ಗುರುತೇ ಸಿಗಲ್ಲ." ಇದು ನಿಜವಾದ ತೊಂದರೆ. ಇದಕ್ಕೆ ಎರಡು ತಂತ್ರಾಂಶಗಳು ಎದುರು ಬದುರು ಉತ್ತರ ಕೊಟ್ಟಿವೆ. ಕೃತದಲ್ಲಿ ಮಾಮೂಲಾಗಿ ಬೇರೆ ಬ್ರಶ್ಶಿಗೆ ಹೋಗಿ ಬಂದ್ರೆ ನೀವು ಮಾಡಿದ ಬದಲಾವಣೆ ಹೋಗಿ ಮೂಲ ಪ್ರೀಸೆಟ್ ಬರುತ್ತೆ. ಬದಲಾವಣೆ ಉಳೀಬೇಕು ಅಂದ್ರೆ ಅದಕ್ಕೊಂದು ಗುರುತು ಹಾಕಬೇಕು. ಕ್ಲಿಪ್ ಸ್ಟುಡಿಯೋದಲ್ಲಿ ಮಾಮೂಲಾಗಿ ಬದಲಾವಣೆ ಉಳಿಯುತ್ತೆ. ಬೇಡ ಅಂದ್ರೆ ಬೀಗ ಹಾಕಬೇಕು, ಬೀಗ ಹಾಕಿದ ಬ್ರಶ್ ಪ್ರತಿ ಸಲ ಮೊದಲಿನ ಹಾಗೇ ಬರುತ್ತೆ. ನನ್ನ ಓಟು ಎರಡನೇದಕ್ಕೆ. ಬ್ರಶ್ ಹೊಸತಿನ ಹಾಗೆ ಆಗಬೇಕು ಅಂದಾಗ ನಾನು ಕೇಳ್ತೀನಿ, ಅದಕ್ಕೊಂದು ಗುಂಡಿ ಇರಲಿ. ಕೇಳದೇ ಇದ್ದಾಗ ನನ್ನ ಕೆಲಸ ಅಳಿಸಬೇಡಿ.

"ಒರೆಸೋಕೂ ಅದೇ ಸೈಜ್ ಬೇಕು, ಅದೇ ಬ್ರಶ್ ಬೇಕು. ರಬ್ಬರ್ ಬೇರೆ ಆದ್ರೆ ನನ್ನ ಲಯ ತಪ್ಪುತ್ತೆ." ಇದನ್ನ ಹೇಳಿದ ಗೆಳತಿ ಬಹಳ ಚೆನ್ನಾಗಿ ಚಿತ್ರ ಬರೀತಾಳೆ, ಸುಲಭವಾಗಿ ತಳ್ಳಿಹಾಕೋ ಹಾಗಿಲ್ಲ. ನೆರಳು ಬೆಳಕಿನ ಕೆಲಸದಲ್ಲಿ ಅವಳು ಬಳಿಯೋದೆಷ್ಟೋ ಒರೆಸೋದೂ ಅಷ್ಟೇ, ಅವಳಿಗೆ ರಬ್ಬರೂ ಒಂದು ಬ್ರಶ್ಶೇ. ಅವಳ ಮಾತಿನಿಂದ ನಾನು ಒಂದು ಹೆಜ್ಜೆ ಹಿಂದೆ ಬಂದೆ. ಒರೆಸೋದರಲ್ಲೇ ಎರಡು ಬಗೆ ಇದೆ. ತಪ್ಪು ತಿದ್ದೋ ಒರೆಸಾಟ ಬೇರೆ, ಚಿತ್ರ ಬರೆಯೋ ಒರೆಸಾಟ ಬೇರೆ. ಎರಡನೇದಕ್ಕೆ ಅದೇ ಬ್ರಶ್, ಅದೇ ಸೈಜು ಇರಲಿ, ಪಾರದರ್ಶಕ ಬಣ್ಣದ ಉಪಾಯ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲನೇದಕ್ಕೆ ಮಾತ್ರ ತನ್ನದೇ ಸೈಜಿನ ರಬ್ಬರ್, ಹಿಡಿ-ಬಿಡಿ. ಎರಡನ್ನೂ ಒಂದೇ ಗುಂಡಿಗೆ ಕಟ್ಟಿರೋದರಿಂದಲೇ ಇಬ್ಬರಿಗೂ ಅರ್ಧರ್ಧ ನಷ್ಟ.

"ಅಭ್ಯಾಸ ಆದ್ರೆ ಎಲ್ಲಾ ಸರಿ ಹೋಗುತ್ತೆ ಬಿಡಯ್ಯಾ." ಇದು ನನಗೆ ಅತ್ಯಂತ ಸಿಟ್ಟು ಬರಿಸೋ ವಾದ. ಅಭ್ಯಾಸ ಆದವನ ಕೈಯೇ ಇಲ್ಲಿ ಹೆಚ್ಚು ಎಡವೋದು. ಹೊಸಬ ಪ್ರತಿ ಸಲ ಪರದೆ ನೋಡಿ ಒತ್ತುತಾನೆ. ಕೈ ಪಳಗಿದವನು ನೋಡದೇ ಎಳೀತಾನೆ, ನೋಡದೇ ಎಳೆಯೋದೇ ಅವನ ವಿದ್ಯೆ. ಇಪ್ಪತ್ತು ವರ್ಷ ಕನ್ನಡ ಕುಟ್ಟಿದ ನಾವು ಇವತ್ತಿಗೂ ಪಾಸ್‌ವರ್ಡ್ ಜಾಗದಲ್ಲಿ ಎಡವೋದು ನಿಂತಿದೆಯಾ? ಅಭ್ಯಾಸ ಸಾಲದೇ ಆದ ತಪ್ಪಲ್ಲ ಅದು.

ಕನ್ನಡದ ಮಾತು ಬಂತಲ್ಲ, ನಮಗೆ ಮಾತ್ರ ಕಾಡೋ ಒಂದು ಸಂಗತಿ ಇದೆ. ಚಿತ್ರದೊಳಗೆ ಕನ್ನಡದಲ್ಲಿ ನಾಲ್ಕಕ್ಷರ ಟೈಪ್ ಮಾಡಿ, ಕೀಲಿಮಣೆಯನ್ನ ವಾಪಸ್ ಇಂಗ್ಲಿಷಿಗೆ ತಿರುಗಿಸೋದು ಮರೆತು 'ಬಿ' ಒತ್ತಿ ನೋಡಿ. ಕೆಲವು ತಂತ್ರಾಂಶಗಳಲ್ಲಿ ಏನೂ ಆಗಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಆ ಕೀಲಿಯಲ್ಲಿ 'ವ' ಇದೆ. ತಂತ್ರಾಂಶಕ್ಕೆ ಬಂದಿದ್ದು 'ವ', ಅದಕ್ಕೆ ಗೊತ್ತಿರೋದು ಇಂಗ್ಲಿಷಿನ 'ಬಿ'. ಬ್ರಶ್ ಬಂತು ಅಂದ್ಕೊಂಡು ನಾವು ಎಳೀತೀವಿ, ಕೈಯಲ್ಲಿರೋದು ಇನ್ನೂ ರಬ್ಬರ್! ಮೋಡಿನ ಮೇಲೊಂದು ಮೋಡ್. ತಂತ್ರಾಂಶ ಯಾವ ಅಕ್ಷರ ಬಂತು ಅಂತ ನೋಡೋ ಬದಲು ಯಾವ ಕೀಲಿ ಒತ್ತಿದ್ರು ಅಂತ ನೋಡಿದ್ರೆ ಈ ತೊಂದರೆ ಇರಲ್ಲ. ಇದನ್ನ ಇಂಗ್ಲಿಷಿನಲ್ಲೇ ಬರೆಯೋ, ಇಂಗ್ಲಿಷಿನಲ್ಲೇ ಚಿತ್ರಿಸೋ ಜನ ಕನಸಿನಲ್ಲೂ ಊಹಿಸಲಾರರು. ನಾವು ಹೇಳಬೇಕು. ಮುಕ್ತ ತಂತ್ರಾಂಶಗಳಿಗೆ ದೋಷ ವರದಿ ಮಾಡೋಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಒಂದು ಮಿಂಚಂಚೆ ವಿಳಾಸ ಇದ್ರೆ ಸಾಕು. ಕನ್ನಡಕ್ಕೆ ಅನುವಾದ ಮಾಡೋ ಉತ್ಸಾಹ ನಮ್ಮಲ್ಲಿ ತುಂಬಾ ಜನಕ್ಕಿದೆ, ಸಂತೋಷ. ಆದರೆ ಗುಂಡಿಯ ಮೇಲಿನ ಹೆಸರು ಕನ್ನಡ ಆದ ಮಾತ್ರಕ್ಕೆ ಗುಂಡಿ ನಮ್ಮ ಕೈಗೆ ಒಗ್ಗಿದ ಹಾಗಾಗಲ್ಲ.

ಮತ್ತೆ ಮಾವನ ವಿಷಯ. ಆ ರಾತ್ರಿ ಕೂತು ಬೇರೆ ತಂತ್ರಾಂಶದಲ್ಲಿ ಎಲ್ಲಾ ತಿರುಗಿಸಿ ಮುರುಗಿಸಿ ಇಟ್ಟೆ. ಬರೀ ನಾಲ್ಕು ಬ್ರಶ್: ಅಗಲದ ಫ್ಲ್ಯಾಟ್, ಮಧ್ಯಮ, ಸಣ್ಣ ರೌಂಡ್, ಒಂದು ಮೆತ್ತನೆಯದು. ಪ್ರತಿಯೊಂದಕ್ಕೂ ಅದರದ್ದೇ ಸೈಜು. ಪೆನ್ನಿನ ಪಕ್ಕದ ಗುಂಡಿ ಒತ್ತಿ ಹಿಡಿದ್ರೆ ಮಾತ್ರ ರಬ್ಬರ್. ಉಳಿದ ಗುಂಡಿ, ಪಟ್ಟಿ ಎಲ್ಲಾ ಮರೆಮಾಡಿದೆ. ಇದಕ್ಕೆ ನನಗೆ ಎರಡೂವರೆ ಗಂಟೆ ಹಿಡೀತು, ಅದೂ ಇಷ್ಟು ವರ್ಷ ಬಳಸಿದ ಮೇಲೆ. ಮಾವನಿಗೆ ಒಬ್ಬ ಸೋದರಳಿಯ ಸಿಕ್ಕ. ಸಿಗದೇ ಇರೋರ ಗತಿ?

ಬೆಳಿಗ್ಗೆ ತಿಂಡಿ ಆದ ಮೇಲೆ "ಇನ್ನೊಂದೇ ಒಂದ್ಸಲ ನೋಡಿ ಮಾವ" ಅಂದೆ. ಅರೆಮನಸ್ಸಿನಿಂದ ಕೂತ್ರು. ಒಂದು ಅಂಗಡಿ ಹೆಸರು ಬರೆದ್ರು, ಹಿಂದೆ ಯಾವಾಗಲೋ ಬರೆದಿದ್ದ ಬೋರ್ಡಂತೆ. ಅಗಲದ ಬ್ರಶ್ಶಿನಲ್ಲಿ ಅಕ್ಷರ, ಸಣ್ಣದರಲ್ಲಿ ಔಟ್‌ಲೈನ್, ಮತ್ತೆ ಅಗಲದ್ದು, ಮತ್ತೆ ಸಣ್ಣದು. ನಡುವೆ ಗುಂಡಿ ಹಿಡಿದು ಒರೆಸೋದು. ನಲವತ್ತು ನಿಮಿಷ ತಲೆಯೆತ್ತಲಿಲ್ಲ. ಒಂದು ಸಲವೂ ನನ್ನನ್ನ ಕರೆಯಲಿಲ್ಲ. ಕೊನೆಗೆ ಅವರು ಮಾಡಿದ ದೂರು ಬೇರೆಯದ್ದೇ: "ಈ ಹಲಗೆ ಜಾರುತ್ತೆ ಕಣೋ, ಬ್ರಶ್ಶಿಗೆ ಹಿಡಿತ ಸಿಗಲ್ಲ. ಇದರ ಮೇಲೆ ಒಂದು ಒರಟು ಹಾಳೆ ಅಂಟಿಸೋಕಾಗುತ್ತಾ?"

ನನಗೆ ಖುಷಿಯಾಗಿದ್ದು ಆ ದೂರಿನಿಂದ. ಹಿಂದಿನ ದಿನ ತಮ್ಮ ವಯಸ್ಸನ್ನ ಬೈಕೊಂಡೋರು ಈಗ ಹಲಗೆಯನ್ನ ಬೈತಿದ್ರು.

ಊರಿಗೆ ಹೋಗೋವಾಗ ಟ್ಯಾಬ್ಲೆಟ್ ಕೊಟ್ಟು ಕಳಿಸಿದೆ. ಬಳಸ್ತಾರೋ ಇಲ್ಲವೋ ನೋಡಬೇಕು. ಕೈಯಿಂದ ಬರೆದ ಬೋರ್ಡು ವಾಪಸ್ ಬರುತ್ತೆ ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ಫ್ಲೆಕ್ಸ್ ಅಂಗಡಿಯಲ್ಲಿ ಇರೋ ನಾಲ್ಕು ಫಾಂಟುಗಳಲ್ಲಿ ಇಲ್ಲದ ಅಕ್ಷರದ ತಿರುವುಗಳು ಇಂಥ ಕೈಗಳಲ್ಲಿ ಇನ್ನೂ ಇವೆ. ಅವು ಕಂಪ್ಯೂಟರಿನೊಳಗೆ ಬರೋ ದಾರಿಯಲ್ಲಿ ಒಂದು ರಬ್ಬರಿನ ಗುಂಡಿ ಅಡ್ಡ ನಿಲ್ಲೋದು ಬೇಡ ಅಂತ ನನ್ನ ಆಸೆ.

ನಿಮ್ಮಲ್ಲಿ ಯಾರ್ಯಾರು ಟ್ಯಾಬ್ಲೆಟ್ಟಿನಲ್ಲಿ ಗೀಚ್ತೀರಿ? ರಬ್ಬರಿಗೆ ಅದೇ ಸೈಜ್ ಬೇಕಾ, ಬೇರೆ ಬೇಕಾ? ಕನ್ನಡ ಕೀಲಿಮಣೆ ಆನ್ ಇದ್ದಾಗ ನಿಮ್ಮ ತಂತ್ರಾಂಶದಲ್ಲಿ ಶಾರ್ಟ್‌ಕಟ್ ಕೆಲಸ ಮಾಡುತ್ತಾ? ಪರೀಕ್ಷೆ ಮಾಡಿ ನೋಡಿ, ಕಮೆಂಟಿಸಿ. ಬಂದಿದ್ದನ್ನೆಲ್ಲ ಒಟ್ಟುಮಾಡಿ ದೋಷ ವರದಿ ಬರೆಯೋ ಕೆಲಸ ನಾನು ಮಾಡ್ತೀನಿ.